ಈಯದ ಚೊಂಬು, ಸೀಸದ ಗುಂಡು

ಈ ಸಲ ಮಾತ್ರ ಯಾರ ಮಾತಿಗೂ ಬಗ್ಗುವುದಿಲ್ಲ ಎಂದು ಮೋಹನರಾಜ ತೀರ್ಮಾನಿಸಿದ್ದ. (ಇಂಥ ತೀರ್ಮಾನ ಅವನಿಗೆ ಹೊಸದಲ್ಲ, ಹೆಂಡತಿ ಮನೆಯಲ್ಲಿಲ್ಲದಾಗಲೆಲ್ಲ ಮಾಡುತ್ತಿದ್ದ.) ಪ್ಲೇನೋ ಊರಿನ ಅವನ ಗ್ಯಾರೇಜಿನಲ್ಲಿ ಆಸ್ಟಿನ್ನಿನಿಂದ ಹೊತ್ತು ತಂದ ಗಿಟಾರು, ಜೇನು ಬಾರದ ಜೇನುಪೆಟ್ಟಿಗೆ, ಚಂದ್ರನನ್ನು ಒಂದೇ ಸಲ ಕಂಡ ಟೆಲಿಸ್ಕೋಪು, ಹೀಗೆ ಅವನ ಹಳೆಯ ಹುಚ್ಚುಗಳೆಲ್ಲ ಸಾಲಾಗಿ ಚಿರನಿದ್ರೆಯಲ್ಲಿದ್ದವು. ಈಗ ಅವುಗಳ ನಡುವೆ ಒಂದು ಕರೆಂಟಿನ ಕುಲುಮೆ ಬಂದು ಕೂತಿತ್ತು. ಪಕ್ಕದ ಮನೆಯ ಡ್ವೇನ್ ಎಂಬ ರಿಟೈರ್ಡ್ ಮನುಷ್ಯ ಸೀಸ ಕರಗಿಸಿ ತನ್ನ ಬಂದೂಕಿಗೆ ತಾನೇ ಗುಂಡು ಎರಕ ಹೊಯ್ಯುವುದನ್ನು ಬೇಲಿಯ ಮೇಲಿಂದ ನೋಡಿದ್ದೇ ತಡ, ಮೋಹನರಾಜನೊಳಗಿನ ವೀರ ಎದ್ದು ಕೂತಿದ್ದ.

ಹೆಂಡತಿ ಸುಚೇತಾಳ ಕಾರು ಮಾತ್ರ ಬೀದಿಯಲ್ಲಿತ್ತು. ಹೋದ ಏಪ್ರಿಲ್ಲಿನ ಆಲಿಕಲ್ಲು ಮಳೆಗೆ ಅದರ ನೆತ್ತಿ ಇಡ್ಲಿ ತಟ್ಟೆಯಂತಾಗಿತ್ತು.

"ಶನಿವಾರದೊಳಗೆ ನೆಟ್ಟಗಿರೋ ಒಂದೇ ಒಂದು ಗುಂಡು ತೋರ್ಸಿ. ಇಲ್ದಿದ್ರೆ ಗ್ಯಾರೇಜು ನನ್ನ ಕಾರಿಗೆ," ಎಂದಳು ಸುಚೇತಾ.

"ಒಂದೇನು, ನೂರು ತೋರಿಸ್ತೀನಿ! ನಾವು ಮೈಸೂರಿನೋರು ಕಣೇ. ಬ್ರಿಟಿಷರ ಮೇಲೆ ರಾಕೆಟ್ ಬಿಟ್ಟೋರು!"

"ನಿಮ್ಮನೇಲಿ ಯಾರೂ ಬುರುಡೆ ಬಿಟ್ಟು ಬೇರೇನೂ ಬಿಟ್ಟಿಲ್ಲ ರೀ."

ಮೊದಲ ಎರಕದ ಗುಂಡುಗಳು ಒಣದ್ರಾಕ್ಷಿಯ ಹಾಗೆ ಸುಕ್ಕುಸುಕ್ಕಾಗಿ ಬಂದವು. ಡ್ವೇನ್ ನೋಡಿ, ಬರೀ ಸೀಸ ಸಾಲದು, ಸ್ವಲ್ಪ ತವರ ಬೆರೆಸಬೇಕು, ಆಗಲೇ ಎರಕ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ ಎಂದ. ತವರಕ್ಕೆ ಆರ್ಡರ್ ಹಾಕಿದರೆ ಅದು ಸೋಮವಾರ ಬರುತ್ತದಂತೆ. ಡ್ವೇನ್‌ನನ್ನೇ ಕೇಳಬಹುದಿತ್ತು. ಆದರೆ ವೀರರು ನೆರೆಮನೆಯಲ್ಲಿ ಕಡ ಕೇಳುತ್ತಾರೆಯೇ?

ಆಗ ಹೊಳೆದದ್ದೇ ಈಯದ ಚೊಂಬು. ಈಯ ಎಂದರೆ ಅಪ್ಪಟ ತವರ. ತಿಳಿಸಾರು ಅದರಲ್ಲೇ ಕುದಿಯಬೇಕು, ಆಗಲೇ ಅದಕ್ಕೆ ಘಮ. ಬರಿದಾಗಿ ಒಲೆಯ ಮೇಲಿಟ್ಟು ಮರೆತರೆ ಚೊಂಬೇ ಕರಗಿ ನೀರಾಗುತ್ತದೆ. ಶನಿವಾರ ಬೆಳಿಗ್ಗೆ ಸುಚೇತಾ ಮಗಳು ಸಿಯಾಳನ್ನು ಭರತನಾಟ್ಯದ ಕ್ಲಾಸಿಗೆ ಕರೆದುಕೊಂಡು ಹೊರಟ ಕೂಡಲೇ ಮೋಹನರಾಜ ಅಡುಗೆಮನೆಯ ಮೇಲಿನ ಕಪಾಟು ತೆಗೆದ. (ಆ ಮನೆಯಲ್ಲಿ ಅವನಿಗೆ ಅದುವರೆಗೆ ಪರಿಚಯವಿದ್ದದ್ದು ಫ್ರಿಜ್ಜಿನ ಬಾಗಿಲೊಂದೇ.) ಅಲ್ಲಿ ಒಂದಲ್ಲ, ಎರಡು ಚೊಂಬುಗಳಿದ್ದವು. ಒಂದು ಮದುವೆಯಲ್ಲಿ ಅತ್ತೆ ಕೊಟ್ಟದ್ದು. ಇನ್ನೊಂದು, ಮದುವೆಯ ಹತ್ತನೇ ವರ್ಷಕ್ಕೆಂದು ಹೂಸ್ಟನ್ನಿನ ದೀಪಾವಳಿ ಮೇಳದಲ್ಲಿ ಅವನೇ ಚೌಕಾಸಿ ಮಾಡಿ ಅರ್ಧ ರೇಟಿಗೆ ತಂದದ್ದು. ಒಂದು ಬೆಳ್ಳಿಯ ಹಾಗೆ ಫಳಫಳ ಎನ್ನುತ್ತಿತ್ತು, ಇನ್ನೊಂದು ಬೂದುಬಣ್ಣಕ್ಕೆ ತಿರುಗಿ ಮಂಕಾಗಿತ್ತು. ಹೊಳೆಯುವುದು ತನ್ನದು, ಮಂಕಾದದ್ದು ಅತ್ತೆಯದು. ಇದರಲ್ಲಿ ಯೋಚಿಸುವಂಥದ್ದೇನೂ ಅವನಿಗೆ ಕಾಣಲಿಲ್ಲ.

ತವರಿನಿಂದ ಬಂದ ತವರ ಗಂಡನ ಕೆಲಸಕ್ಕೆ ಒದಗುವುದು ಧರ್ಮವೇ ಎಂದು ಸಮಾಧಾನ ಹೇಳಿಕೊಂಡು, ಮಂಕು ಚೊಂಬನ್ನು ಕತ್ತರಿಸಿ ಕುಲುಮೆಗೆ ಹಾಕಿದ. ಅಂಚಿನ ಒಂದು ತುಂಡು ಉಳಿಯಿತು. ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಅಚ್ಚಿಗೆ ಹೊಯ್ದ. ತೆಗೆದು ನೋಡಿದರೆ ಮತ್ತೆ ಅದೇ ಒಣದ್ರಾಕ್ಷಿ. ಕುಲುಮೆಯನ್ನು ಬೈದು ಮತ್ತೆ ಹೊಯ್ದ. ಮತ್ತೆ ಒಣದ್ರಾಕ್ಷಿ.

ಕೊನೆಗೆ ವೀರ ನೆರೆಮನೆಯ ಬಾಗಿಲು ತಟ್ಟಲೇಬೇಕಾಯಿತು. ಡ್ವೇನ್ ಬಂದು ಉಳಿದ ತುಂಡನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ನಿಜವಾದ ತವರ ಬಗ್ಗಿಸಿದರೆ ಕಿರುಗುಟ್ಟುತ್ತದಂತೆ. ಇದು ಪಿಟ್ಟೆನ್ನಲಿಲ್ಲ. ಆಮೇಲೆ ಅದನ್ನು ಬಿಳಿ ಕಾಗದದ ಮೇಲೆ ಎಳೆದ. ಪೆನ್ಸಿಲ್ಲಿನಲ್ಲಿ ಬರೆದಂತೆ ಕಪ್ಪು ಗೆರೆ ಮೂಡಿತು.

"ಬಡ್ಡಿ, ದಿಸ್ ಈಸ್ ಲೆಡ್," ಎಂದು ಡ್ವೇನ್ ಅವನ ಬೆನ್ನು ತಟ್ಟಿ ಹೋದ. ಸೀಸಕ್ಕೆ ಸೀಸವನ್ನೇ ಬೆರೆಸಿದ್ದಾಯಿತು.

ಬೇರೆ ಯಾರಾದರೂ ಆಗಿದ್ದರೆ ಕುಗ್ಗಿಹೋಗುತ್ತಿದ್ದರು. ಮೋಹನರಾಜನಿಗೆ ಮಾತ್ರ ಖುಷಿಯೋ ಖುಷಿ. ಗುಂಡು ಹೋದರೆ ಹೋಗಲಿ, ಅತ್ತೆಯ ಗುಟ್ಟು ಸಿಕ್ಕಿತಲ್ಲ! ಆ ಹೊತ್ತಿಗೆ ಸುಚೇತಾ ಮಗಳೊಂದಿಗೆ ಹಿಂದಿರುಗಿ, ಸಾರು ಕುದಿಯಲಿಟ್ಟು, ಮೈಸೂರಿನಲ್ಲಿದ್ದ ತಾಯಿಯೊಂದಿಗೆ ವೀಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆ ಅವನಿಗೆ ನೆನಪಾಗಬೇಕಿತ್ತು. ಆಗಲಿಲ್ಲ.

"ಕೇಳಿಸ್ಕೊಳ್ಳಿ ಅತ್ತೆ! ಈಯ ಈಯ ಅಂತ ಹದಿನೈದು ವರ್ಷ ನಮಗೆ ಸೀಸ ಕುಡಿಸಿದೀರ! ವಿಷ! ಇವತ್ತು ನಾನು ಆ ಚೊಂಬು ಕರಗಿಸ್ದೇ ಇದ್ದಿದ್ರೆ ಈ ಸಂಸಾರದ ಗತಿ ಏನು? ಕ್ಷಮೆ ಕೇಳ್ಬೇಕಾದೋರು ನಾನಲ್ಲ!" ಎಂದು ತುಂಡನ್ನು ಫೋನಿನ ಮುಂದೆ ಝಳಪಿಸಿದ.

ಫೋನಿನಲ್ಲಿ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಸುಚೇತಾ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಒಲೆಯ ಮೇಲೆ ಫಳಫಳ ಚೊಂಬಿನಲ್ಲಿ ಸಾರು ನೊರೆಯುಕ್ಕುತ್ತಿತ್ತು.

"ಅಮ್ಮನ ಚೊಂಬು ಇದು. ವಾರಕ್ಕೊಂದ್ಸಲ ಹುಣಸೆಹಣ್ಣಲ್ಲಿ ತಿಕ್ಕಿ ಇಟ್ಕೊಂಡಿದೀನಿ."

"ಮತ್ತೆ... ಅದು?"

"ಅದು ನಿಮ್ಮ ಪ್ರೆಸೆಂಟು. ತಂದ ದಿನಾನೇ ಉಜ್ಜಿದ್ರೆ ಕೈಯೆಲ್ಲ ಮಸಿ. ಅದ್ರಲ್ಲಿ ಒಂದಿನಾನೂ ಸಾರು ಮಾಡಿಲ್ಲ. ಅರ್ಧ ರೇಟಿಗೆ ಹೊಡ್ಕೊಂಡು ಬಂದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ರಲ್ಲ, ಬೇಜಾರ್ ಮಾಡ್ಕೋತೀರ ಅಂತ ಸುಮ್ನಿದ್ದೆ."

"ಅಪ್ಪಾ, ಯೂ ಮೆಲ್ಟೆಡ್ ಯುವರ್ ಓನ್ ಗಿಫ್ಟ್?" ಎಂದಳು ಸಿಯಾ.

ಐದು ವರ್ಷ ಸುಚೇತಾ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳಲ್ಲ ಎಂದು ಮೋಹನರಾಜನಿಗೆ ನಿಜಕ್ಕೂ ನಾಚಿಕೆಯಾಯಿತು. ಹಾಗೆಂದು ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಫೋನಿನೊಳಗಿಂದ ಅತ್ತೆ ಮಾತಾಡಿದರು.

"ಹೋಗ್ಲಿ ಬಿಡೇ ಸುಚಿ, ಅವರು ತಂದಿದ್ದನ್ನ ಅವರೇ ಕರಗಿಸಿದಾರೆ. ಅಳಿಯಂದ್ರೇ, ಊಟ ಆಯ್ತಾ?"

ಬೈದಿದ್ದರೆ ಜಗಳವಾಡಬಹುದಿತ್ತು. ಊಟ ಆಯ್ತಾ ಎಂದವರ ಮೇಲೆ ಯುದ್ಧ ಮಾಡುವುದು ಹೇಗೆ?

"ಇನ್ನೂ ಇಲ್ಲ ಅತ್ತೆ," ಎಂದ.

"ಮೊದ್ಲು ಕೈ ಸೋಪು ಹಾಕಿ ತೊಳೀರಿ," ಎಂದಳು ಸುಚೇತಾ. "ಆಮೇಲೆ ಇವತ್ತು ಯಾವ ವಾರ ಅಂತ ನೋಡಿ."

ಮಧ್ಯಾಹ್ನ ಕುಲುಮೆ ಡ್ವೇನ್‌ನ ಮನೆಗೆ ಗುಳೆ ಹೋಯಿತು. ಗಿಟಾರು, ಜೇನುಪೆಟ್ಟಿಗೆ, ಟೆಲಿಸ್ಕೋಪುಗಳು ಹಿತ್ತಿಲ ಶೆಡ್ಡು ಸೇರಿದವು. ಸುಚೇತಾ ಕಾರು ಸ್ಟಾರ್ಟ್ ಮಾಡಿದಳು. ಆ ಕಾರಿಗೆ ಹಿಂದೆ ಒಂದು, ಮುಂದೆ ಒಂದು ಕ್ಯಾಮೆರಾ ಇತ್ತು, ಯಾರ ಸಹಾಯವೂ ಅದಕ್ಕೆ ಬೇಕಿರಲಿಲ್ಲ. ಆದರೂ ಮೋಹನರಾಜ ಸೋಲೊಪ್ಪಲಿಲ್ಲ. ಗ್ಯಾರೇಜಿನ ನಟ್ಟನಡುವೆ ಎದೆ ಸೆಟೆಸಿ ನಿಂತು, ಇಡೀ ಬೀದಿಗೆ ಕೇಳುವಂತೆ, "ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡು, ಬರ್ಲಿ, ಹಾಂ, ಸ್ಟಾಪ್!" ಎಂದು ಕೈಬೀಸಿ ಕೂಗಿದ. ತನ್ನ ಅಪ್ಪಣೆಯಿಲ್ಲದೆ ಆ ಕಾರು ಒಂದಿಂಚೂ ಒಳಗೆ ಬಂದಿಲ್ಲ ಎಂದು ಅವನು ಇವತ್ತಿಗೂ ಸಾಧಿಸುತ್ತಾನೆ.