ಭಾನುವಾರ ಬಾಗಿಲು ಮುಚ್ಚುವ ಪಾರ್ಕು

ಭಾನುವಾರ ಒಂದೇ ಒಂದು ಚಕ್ರವೂ ತಿರುಗದಂಥ ಥೀಮ್ ಪಾರ್ಕನ್ನು ತಾನು ಆರಿಸಿಯೇ ತೀರುತ್ತೇನೆ ಎಂದು ಫಿನೌ ಇಡೀ ಚರ್ಚಿನ ಮುಂದೆ ಎದ್ದು ನಿಂತು ಸಾರಿದ. ಚರ್ಚಿಗೆ ಬರುವಾಗ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಯನ್ನು ಬಿಗಿಮಾಡಿಕೊಂಡೇ ಸಾರಿದ. ಹಾಪೈ ದ್ವೀಪದಲ್ಲಿ ಚಾಪೆ ಸುತ್ತಿಕೊಂಡು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ!

ಪಾರ್ಕೆಂದರೆ ನಿಜವಾದ ಪಾರ್ಕಲ್ಲ. ಆಕ್ಲೆಂಡಿನ ನೆಂಟರು ಚರ್ಚಿನ ಪಕ್ಕದ ಸಭಾಂಗಣಕ್ಕೆ ಒಂದು ಕಂಪ್ಯೂಟರು ಕಳಿಸಿದ್ದರು. ಅದರೊಳಗೆ ಪಾರ್ಕು ಕಟ್ಟಿ ನಡೆಸುವ ಮೂರು ಆಟಗಳಿದ್ದವು. ಊರಿನ ಮಕ್ಕಳು ಸಭಾಂಗಣದ ಬಾಗಿಲಲ್ಲೇ ಠಿಕಾಣಿ ಹೂಡಿದರು. ಹಿರಿಯರಿಗೆ ಮಾತ್ರ ಚಿಂತೆ. ಭಾನುವಾರ ಅಂಗಡಿ ತೆರೆಯದ, ದೋಣಿ ಇಳಿಸದ, ಸಮುದ್ರದಲ್ಲಿ ಕಾಲನ್ನೂ ಅದ್ದದ ಊರಿಗೆ, ಏಳು ದಿನವೂ ಜನ ಕಿರುಚಾಡುವ ಆಟವೇ?

ಪಾದ್ರಿ ಮೋವಾಲಾ ಯೋಚಿಸಿ ತೀರ್ಪು ಕೊಟ್ಟರು. "ಮೂರರಲ್ಲಿ ಒಂದನ್ನ ನೀನೇ ನೋಡಿ ಆರಿಸು, ಫಿನೌ. ಅದು ಭಾನುವಾರ ಪಾಲಿಸಿದ್ರೆ ಮಕ್ಕಳಿಗೆ ಆಟ. ನಿನಗೆ ಬರೋ ಭಾನುವಾರ ವೇದಿಕೆ ಹತ್ತಿ ಪ್ರಸಂಗ ಮಾಡೋ ಅವಕಾಶ. ಪಾಲಿಸ್ಲಿಲ್ಲ ಅಂದ್ರೆ ಕಂಪ್ಯೂಟರು ಬೀರುವಿಗೆ, ನೀನು ಹಿಂದಿನ ಬೆಂಚಿಗೆ."

ಪ್ರಸಂಗ! ಫಿನೌ ಹನ್ನೊಂದು ವರ್ಷಗಳಿಂದ ಅದಕ್ಕೆ ಕಾದಿದ್ದ. ಅವನ ಅಪ್ಪ ಮೂವತ್ತು ವರ್ಷ ಆ ವೇದಿಕೆಯಿಂದ ಪ್ರಸಂಗ ಮಾಡಿ ತೀರಿಕೊಂಡಿದ್ದರು. ತಾಯಿ ವಾಯ್‌ಮೋವಾನಾ ಎಪ್ಪತ್ತೆಂಟರಲ್ಲೂ ಮೊದಲ ಬೆಂಚು ಬಿಟ್ಟವರಲ್ಲ. "ನಾನು ಕಣ್ಣು ಮುಚ್ಚೋದ್ರೊಳಗೆ ಅಲ್ಲಿ ನಿಂತು ಒಂದ್ಸಲ ಮಾತಾಡ್ತೀಯೇನೋ?" ಎಂದು ಪ್ರತಿ ವಾರ ಕೇಳುತ್ತಿದ್ದರು.

ಸೋಮವಾರ ಸಂಜೆ ಫಿನೌ ಹೆಂಡತಿ ಲೂಪೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಆಟ ತೆರೆದ. ನೋಡಲು ಬಹಳ ಚೆನ್ನಾಗಿತ್ತು. ಮರಗಳ ಎಲೆ ಸಹ ಅಲುಗುತ್ತಿತ್ತು. ಆದರೆ ಕಾಲ ಗಾಳಿಯ ಹಾಗೆ ಓಡುತ್ತಿತ್ತು.

"ಲೂಪೆ, ಇದರಲ್ಲಿ ಮಾರ್ಚ್ ಇದೆ, ಏಪ್ರಿಲ್ ಇದೆ. ಭಾನುವಾರಾನೇ ಇಲ್ಲ!"

"ಸೋಮವಾರಾನೂ ಇಲ್ಲ. ಹಂಗಾದ್ರೆ ಇವ್ರೆಲ್ಲ ಕೆಲಸಕ್ಕೆ ಹೋಗೋದು ಯಾವಾಗ? ಬೇಡ ಬಿಡು, ನಮ್ಮ ಹುಡುಗ್ರು ಇದನ್ನೇ ಕಲೀತಾರೆ."

ಎರಡನೆಯದರಲ್ಲಿ ಜನರನ್ನು ಇಕ್ಕಳದಿಂದ ಎತ್ತಿ ಬೇಕಾದಲ್ಲಿ ಇಳಿಸಬಹುದಿತ್ತು. ನೀಲಿ ಅಂಗಿಯವನೊಬ್ಬನನ್ನು ಫಿನೌ ಬಹಳ ಮರ್ಯಾದೆಯಿಂದಲೇ ಎತ್ತಿದ. ಬೆರಳು ಜಾರಿತು. ನೀಲಿ ಅಂಗಿ ಕೊಳದಲ್ಲಿ ಮುಳುಗಿತು.

"ತೆಗಿ, ತೆಗಿ ಅವನನ್ನ!" ಎಂದು ಲೂಪೆ ಕೂಗುವಷ್ಟರಲ್ಲಿ ನೀರಿನ ಮೇಲೆ ಗುಳ್ಳೆಗಳೂ ಇರಲಿಲ್ಲ. ಫಿನೌ ತಲೆ ಬಾಗಿಸಿ ಒಂದು ಚಿಕ್ಕ ಪ್ರಾರ್ಥನೆ ಮಾಡಿದ.

"ಪ್ರಾರ್ಥನೆ ಸರಿ. ಅವನ ತಾಯಿಗೆ ಯಾರು ಹೇಳ್ತಾರೆ?" ಎಂದಳು ಲೂಪೆ. ಅದೂ ಹೋಯಿತು.

ಮೂರನೆಯದರಲ್ಲಿ ಗೇಟು ಮುಚ್ಚಲು ಒಂದು ಗುಂಡಿ ಇತ್ತು. ಪ್ರತಿ ಆಟಕ್ಕೂ, ಪ್ರತಿ ತಿಂಡಿ ಅಂಗಡಿಗೂ ಬೇರೆ ಬೇರೆ ಗುಂಡಿ. ಫಿನೌ ಎದ್ದು ನಿಂತ. "ಇದೇ! ಭಾನುವಾರ ಮಾಡೋದು ಇಲ್ಲಿ ನಮ್ಮ ಕೈಯಲ್ಲೇ ಇದೆ!"

ಐದು ದಿನ, ವಿದ್ಯುತ್ ಕಚೇರಿಯ ಕೆಲಸ ಮುಗಿಸಿ ಬಂದು, ಅವನು ಪಾರ್ಕು ಕಟ್ಟಿದ. ಜಯಂಟ್ ವೀಲ್, ದೋಣಿಗಳು, ಮರದ ರೋಲರ್ ಕೋಸ್ಟರ್, ಆರು ತಿಂಡಿ ಅಂಗಡಿ. ಶನಿವಾರ ಸಂಜೆಯ ಹೊತ್ತಿಗೆ ಒಳಗೆ ಮುನ್ನೂರ ನಲವತ್ತು ಜನ. ಸೂರ್ಯ ಮುಳುಗುವಾಗ ಅವನು ಗಂಭೀರವಾಗಿ ಒಂದೊಂದೇ ಗುಂಡಿ ಒತ್ತುತ್ತಾ ಬಂದ. ಅಂಗಡಿಗಳು ಮುಚ್ಚಿದವು. ಚಕ್ರ ನಿಂತಿತು. ಗೇಟಿಗೆ 'ಮುಚ್ಚಿದೆ' ಎಂಬ ಹಲಗೆ ಬಿತ್ತು. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹೊಸಬರು ಬಂದು ಗೇಟು ತಟ್ಟಿದರೆ? ಗೇಟಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯ ನಾಲ್ಕು ಕಲ್ಲುಗಳನ್ನೂ ಅವನು ಕಿತ್ತುಹಾಕಿದ.

"ಒಳಗಿರೋರು?" ಎಂದಳು ಲೂಪೆ.

"ಗೇಟು ಮುಚ್ಚಿದ್ಮೇಲೆ ಯಾರು ಇರ್ತಾರೆ? ಹೋಗಿರ್ತಾರೆ."

"ಯಾವ ದಾರೀಲಿ?"

ಫಿನೌ ಆಗಲೇ ಕಂಪ್ಯೂಟರಿನ ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸುತ್ತಿದ್ದ. ಚರ್ಚಿಗೆ ಹೋಗುವವರೆಲ್ಲ ಮುಚ್ಚಿದ ಗೇಟನ್ನು ಕಣ್ಣಾರೆ ನೋಡಲಿ ಎಂದು ಅದನ್ನು ಆಫ್ ಮಾಡದೆ ಬಿಟ್ಟ. ಸಾಕ್ಷಿ ಬೇಡವೇ!

ಇನ್ನೊಂದು ಸಂಗತಿ ಅವನಿಗೆ ನೆನಪಾಗಲಿಲ್ಲ. ವೇದಿಕೆಯ ಮೈಕಿಗೂ ಸಭಾಂಗಣದ ಕಂಪ್ಯೂಟರಿಗೂ ಒಂದೇ ಆಂಪ್ಲಿಫೈಯರ್ ಪೆಟ್ಟಿಗೆ, ಚರ್ಚಿನ ಮೂಲೆಮೂಲೆಯಲ್ಲೂ ಅದರ ಸ್ಪೀಕರು. ಭಜನೆ ಅಭ್ಯಾಸಕ್ಕೆ ಅನುಕೂಲವಾಗಲೆಂದು ವೈರು ಎಳೆದವನು ಅವನೇ. ಪೆಟ್ಟಿಗೆಯ ಸ್ವಿಚ್ಚನ್ನು ಆ ವಾರ ಯಾರೂ ಹಾಕಿರಲಿಲ್ಲ. ಹಾಗಾಗಿ ಐದು ದಿನವೂ ಪಾರ್ಕು ಮೂಕವಾಗಿಯೇ ನಡೆದಿತ್ತು.

ಭಾನುವಾರ ಬೆಳಗ್ಗೆ ಕಿಟಕಿಯ ಮುಂದೆ ನಿಂತು ಹೋದವರೆಲ್ಲ ತಲೆದೂಗಿದರು. ಮಕ್ಕಳು ಒಬ್ಬರ ಕೈ ಒಬ್ಬರು ಹಿಂಡಿಕೊಂಡರು. ಫಿನೌ ಅಪ್ಪನ ಚಾಪೆಯನ್ನು ಸುತ್ತಿಕೊಂಡು, ಹನ್ನೊಂದು ಹಾಳೆ ಹಿಡಿದು ವೇದಿಕೆ ಹತ್ತಿದ. ಮೊದಲ ಬೆಂಚಿನಲ್ಲಿ ತಾಯಿ ಬೀಸಣಿಗೆ ನಿಲ್ಲಿಸಿದರು. ಅವನು ಸ್ವಿಚ್ಚು ಹಾಕಿದ.

"ಪ್ರಿಯರೇ, ಮೊದಲು ಈ ದಿನದ ಮೌನವನ್ನು ಕೇಳಿ."

ಎಲ್ಲರೂ ಕೇಳಿದರು. ಟಕ್, ಟಕ್, ಟಕ್, ಟಕ್ ಎಂದು ಏನೋ ಎತ್ತರಕ್ಕೆ ಹತ್ತುತ್ತಿತ್ತು. ಒಂದು ಕ್ಷಣ ನಿಂತಿತು. ಆಮೇಲೆ ಚರ್ಚಿನ ನಾಲ್ಕು ಮೂಲೆಯಿಂದಲೂ ಜನ ಒಟ್ಟಿಗೆ ಚೀರಿದರು!

ಎರಡು ವರ್ಷಗಳಿಂದ ಕಿವಿ ಕೇಳದ ಮುದುಕ ಫೆಲೇತಿ ಸಂತೋಷದಿಂದ "ಆಮೆನ್" ಎಂದರು. ಫಿನೌ ತಟ್ಟನೆ ಸ್ವಿಚ್ಚು ಆರಿಸಿದ. ಅಷ್ಟರಲ್ಲಿ ವಾಯ್‌ಮೋವಾನಾ ಕೋಲೂರಿಕೊಂಡು ಸಭಾಂಗಣದ ಕಡೆಗೆ ಹೊರಟಾಗಿತ್ತು. ಹಿಂದೆ ಪಾದ್ರಿ, ಪಾದ್ರಿಯ ಹಿಂದೆ ಇಡೀ ಊರು.

ಲೂಪೆ ಪರದೆಯ ನೋಟವನ್ನು ಗೇಟಿನಿಂದ ಒಳಗೆ ಸರಿಸಿದಳು. ಮುನ್ನೂರ ನಲವತ್ತು ಜನರೂ ಅಲ್ಲೇ ಇದ್ದರು. ಮರದ ರೋಲರ್ ಕೋಸ್ಟರಿನ ಗುಂಡಿ ಒತ್ತಲು ಫಿನೌ ಮರೆತಿದ್ದ. ಹೋಗಲು ದಾರಿಯಿಲ್ಲದೆ, ಬೇರೆ ಗತಿಯಿಲ್ಲದೆ, ಅವರೆಲ್ಲ ನಿನ್ನೆಯಿಂದ ಅದನ್ನೇ ಹತ್ತಿ ಇಳಿಯುತ್ತಿದ್ದರು. ಒಬ್ಬೊಬ್ಬರ ತಲೆಯ ಮೇಲೂ ಅವರ ಮನಸ್ಸಿನ ಮಾತು ಮೂಡುತ್ತಿತ್ತು. ಲೂಪೆ ಗಟ್ಟಿಯಾಗಿ ಓದಿದಳು.

"ಮನೆಗೆ ಹೋಗಬೇಕು. ಮನೆಗೆ ಹೋಗಬೇಕು. ದಾರಿ ಕಾಣಿಸುತ್ತಿಲ್ಲ. ಹಸಿವು. ಹಸಿವು. ಬಹಳ ಹಸಿವು."

"ಹಸಿವಾ?" ವಾಯ್‌ಮೋವಾನಾ ಮಗನ ಕಡೆ ತಿರುಗಿದರು. "ಇವ್ರಿಗೆ ಊಟ ಕೊಟ್ಟಿಲ್ವಾ?"

"ಅಂಗಡಿ ಮುಚ್ಚಿದ್ದೆ, ಅಮ್ಮ. ಭಾನುವಾರ ಅಲ್ವಾ?"

"ಭಾನುವಾರ ನಾವು ಏನು ಮಾಡಿ ಚರ್ಚಿಗೆ ಬರ್ತೀವಿ? ನೆಲದ ಒಲೇಲಿ ಅಡುಗೆ ಹೂತಿಟ್ಟೇ ಬರ್ತೀವಿ. ಮೂವತ್ತು ವರ್ಷ ನಿಮ್ಮಪ್ಪನ ಪ್ರಸಂಗ ಕೇಳ್ದೋರಲ್ಲಿ ಒಬ್ಬರಾದ್ರೂ ನಮ್ಮನೆಯಿಂದ ಹಸ್ಕೊಂಡು ಹೋಗಿದ್ದಾರೇನೋ?"

"ಅಮ್ಮ, ಇವರು ನಿಜವಾದ ಜನ ಅಲ್ಲಮ್ಮ."

"ನೀನು ಕರೆದೆ, ಬಂದ್ರು. ಬಾಗಿಲು ಹಾಕಿ, ದಾರಿ ಕಿತ್ತು, ರಾತ್ರಿಯೆಲ್ಲ ಉಪವಾಸ ಕೆಡವಿದ್ದೀಯ. ಒತ್ತು ಗುಂಡಿ!"

ಫಿನೌ ಪಾದ್ರಿಯ ಮುಖ ನೋಡಿದ. ಪಾದ್ರಿ ಬಹಳ ಹೊತ್ತು ಮಾಡಿನ ತೊಲೆಗಳನ್ನು ನೋಡಿದರು. ಮಕ್ಕಳು ಬೀರುವಿನ ಕಡೆ ನೋಡಿದರು.

"ಒತ್ತಪ್ಪ," ಎಂದರು ಪಾದ್ರಿ.

ಹೀಗೆ ಭಾನುವಾರ, ಅಪ್ಪನ ಚಾಪೆ ಸುತ್ತಿಕೊಂಡು, ಊರವರೆಲ್ಲರ ಎದುರಿಗೆ, ಫಿನೌ ಆರು ತಿಂಡಿ ಅಂಗಡಿಗಳನ್ನು ತೆರೆದ. ರೋಲರ್ ಕೋಸ್ಟರನ್ನು ನಿಲ್ಲಿಸಿದ. ದಾರಿಯ ನಾಲ್ಕು ಕಲ್ಲುಗಳನ್ನು ಒಂದೊಂದಾಗಿ ಮತ್ತೆ ಹಾಸಿದ. ಜನ ತಿಂದರು. ಸಾಲಾಗಿ ಹೊರಟರು. ಹಸಿರು ಟೋಪಿಯ ಕೊನೆಯವನು ಬಸ್ ನಿಲ್ದಾಣ ಮುಟ್ಟುವ ತನಕ ಇಡೀ ಸಭೆ, ಶವದ ಮೆರವಣಿಗೆಗೆ ನಿಂತ ಹಾಗೆ, ಸದ್ದಿಲ್ಲದೆ ನಿಂತಿತ್ತು.

ಪಾದ್ರಿ ಕೆಮ್ಮಿದರು. "ಆಟ ಮಕ್ಕಳಿಗಿರಲಿ. ಅದರದ್ದೇನೂ ತಪ್ಪಿಲ್ಲ. ಶನಿವಾರ ಮುಚ್ಚೋ ಕೆಲಸಾನೂ ಅವರೇ ಮಾಡ್ಲಿ. ಫಿನೌ ಅದರ ಹತ್ರ ಬರೋದು ಬೇಡ."

"ಪ್ರಸಂಗ, ಅಯ್ಯನವರೇ?" ಫಿನೌನ ಸ್ವರ ಅವನಿಗೇ ಕೇಳಿಸಲಿಲ್ಲ.

"ಮುಂದಿನ ವಾರ. ನಿಮ್ಮಮ್ಮ ಕೂತು ಕೇಳ್ತೀನಿ ಅಂದ್ರೆ."

ಆ ವಾರವೆಲ್ಲ ಫಿನೌ ಹಾಳೆಗಳನ್ನು ಹರಿದು ಹರಿದು ಬರೆದ. ಹನ್ನೊಂದಿದ್ದದ್ದು ಒಂದಾಯಿತು. ಭಾನುವಾರ ಪೆಟ್ಟಿಗೆಯಿಂದ ಕಂಪ್ಯೂಟರಿನ ವೈರನ್ನು ಕಿತ್ತು, ಕಿತ್ತದ್ದನ್ನು ಎರಡು ಸಲ ನೋಡಿ, ವೇದಿಕೆ ಹತ್ತುವ ಮುಂಚೆ ಚರ್ಚಿನ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟು ಬಂದ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯಬೇಕು, ಆಗ ಮೊದಲ ಬೆಂಚಿನಿಂದ ತಾಯಿಯ ದನಿ, ಮೈಕಿಲ್ಲದೆಯೇ ಚರ್ಚಿನ ತುಂಬ ಕೇಳಿಸಿತು.

"ಫಿನೌ, ಹೊರಗಡೆ ದಾರಿ ಇದೆಯಾ, ನೋಡ್ಕೊಂಡು ಬಂದ್ಯಾ?"

"ಇದೆ, ಅಮ್ಮ."

"ಸರಿ, ಹಂಗಾದ್ರೆ ಶುರು ಮಾಡು. ಬೇಗ ಮುಗಿಸು. ಇವ್ರಿಗೂ ಹಸಿವಾಗತ್ತೆ."