ಅಡುಗೆಯವನ ಮಣಿಕಟ್ಟು ಮತ್ತು ಮೂರು ಮೀಟರ್ ಅಲೆ

ಪರಿಹಾರದ ಅರ್ಜಿಯಲ್ಲಿ ‘ಅಪಘಾತದ ಹೊತ್ತಿಗೆ ಹಡಗು ಎಲ್ಲಿತ್ತು?’ ಎಂಬ ಪ್ರಶ್ನೆಯ ಮುಂದೆ ಎಸೆನ್‌ಗಾಲಿ ಕಷ್ಟಪಟ್ಟು ‘ನಿಂತಿತ್ತು’ ಎಂದು ಬರೆದ. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಎಡಗೈಗೆ ಅದಕ್ಕಿಂತ ಹೆಚ್ಚು ಬರೆಯುವ ತಾಳ್ಮೆ ಇರಲಿಲ್ಲ.

ಹಡಗು ನಿಂತೇ ಇತ್ತು, ಸುಳ್ಳಲ್ಲ. ಬಾರ್ಲಿ ಹೇರಿಕೊಂಡು ಅಕ್ತಾವ್ ಬಂದರಿನಿಂದ ಹೊರಟದ್ದು, ದಡ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಮರಳದಿಬ್ಬಕ್ಕೆ ಹತ್ತಿ, ಮಂಡಿಯೂರಿದ ಒಂಟೆಯ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡು ಎರಡು ದಿನ ಕೂತಿತ್ತು. ಕಾಸ್ಪಿಯನ್ ಸಮುದ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ; ಕ್ಯಾಪ್ಟನ್ ಮಾತ್ರ ತನ್ನ ಹಳೇ ನಕಾಶೆಯನ್ನೇ ನಂಬಿದ್ದ. ವಾಲಿದ ಅಡುಗೆಮನೆಯಲ್ಲಿ ಕುರಿಮಾಂಸದ ಸಾರಿನ ಹಂಡೆ ತಾನಾಗಿ ಜಾರಿತು. ಅದನ್ನು ಹಿಡಿಯಲು ಹೋದ ಅಡುಗೆಯವ ಎಸೆನ್‌ಗಾಲಿಯೂ ಜಾರಿದ. ಮಣಿಕಟ್ಟು ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಮತ್ತೆ ಬಿಚ್ಚಿ ಲೋಹದ ಪಟ್ಟಿ ಕೂರಿಸದಿದ್ದರೆ ಇನ್ನು ಹಂಡೆ ಎತ್ತುವ ಮಾತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇಪ್ಪತ್ತೆರಡು ವರ್ಷದಿಂದ ಹಂಡೆ ಎತ್ತುವುದೊಂದೇ ಅವನಿಗೆ ಗೊತ್ತಿದ್ದ ಕೆಲಸ. ಪರಿಹಾರ ಬಂದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ.

ವಿಚಾರಣೆಯ ದಿನ ಬೆಳಿಗ್ಗೆ ಹಡಗಿನ ಕಂಪನಿಯಿಂದ ಒಂದು ಕಾಗದ ಬಂತು. ‘ನಿಂತಿತ್ತು’ ಎಂದರೆ ಏನೆಂದು ಮಧ್ಯಾಹ್ನ ಸಮಿತಿಯ ಮುಂದೆ ಸ್ಪಷ್ಟಪಡಿಸಬೇಕು ಎಂದಷ್ಟೇ ಅದರಲ್ಲಿತ್ತು. ಅದನ್ನು ಮೊದಲು ಓದಿದವಳು ಎದುರುಮನೆಯ ಒರಿನ್‌ಶಾ. ಒಂಟಿ ಗಂಡಸಾದ ಎಸೆನ್‌ಗಾಲಿಗೆ ಆರು ವಾರದಿಂದ ಊಟ ಹಾಕುತ್ತಿದ್ದವಳೂ, ಅಂಗಿಯ ಗುಂಡಿ ಹಾಕುತ್ತಿದ್ದವಳೂ, ಅವನ ಟಪಾಲು ಒಡೆಯುತ್ತಿದ್ದವಳೂ ಆಕೆಯೇ.

“ಕೆಟ್ಟೆ ಕಣೋ!” ಎಂದಳು. “ನಿಂತಿತ್ತು ಅಂದ್ರೆ ಬಂದರಲ್ಲಿ ನಿಂತಿತ್ತು ಅಂತಾರೆ. ಬಂದರು ಅಂದ್ರೆ ನೆಲ. ನೆಲದ ಮೇಲೆ ಬಿದ್ದೋನಿಗೆ ಸಮುದ್ರದ ಪರಿಹಾರ ಯಾರು ಕೊಡ್ತಾರೆ?”

“ಮರಳಲ್ಲಿ ಸಿಕ್ಕಾಕ್ಕೊಂಡಿತ್ತು ಅಂತ ಹೇಳ್ತೀನಿ ಅಪಾ,” ಎಂದ ಎಸೆನ್‌ಗಾಲಿ. ಅಕ್ಕನಂಥವರನ್ನು ಅಲ್ಲಿ ಕರೆಯುವುದೇ ಹಾಗೆ.

“ಮರಳು ನೆಲ ಅಲ್ದೆ ಇನ್ನೇನು, ಮೊಸರಾ?”

ಎಸೆನ್‌ಗಾಲಿ ವಕೀಲೆ ಕುಲ್ಯಾಶ್‌ಗೆ ಫೋನ್ ಮಾಡಿದ. ಬೇಕರಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು ಬಂದರಿನ ನಾವಿಕರಿಗೆಲ್ಲ ಉಚಿತವಾಗಿ ಕಾನೂನಿನ ನೆರವು ಕೊಡುತ್ತಿದ್ದವಳು ಆಕೆ ಒಬ್ಬಳೇ.

“ಇನ್ನೊಂದು ವಿಚಾರಣೆಯಲ್ಲಿದ್ದೀನಿ, ಸ್ವಲ್ಪ ತಡವಾಗಿ ಬರ್ತೀನಿ. ನಡೆದದ್ದನ್ನ ನಡೆದ ಹಾಗೆ ಹೇಳಿ. ಉಳಿದದ್ದು ನನಗೆ ಬಿಡಿ,” ಎಂದು ಪಿಸುಗುಟ್ಟಿ ಇಟ್ಟುಬಿಟ್ಟಳು.

“ನಡೆದ ಹಾಗೆ ಹೇಳಿ ಗೆದ್ದೋರನ್ನ ನೀನು ನೋಡಿದ್ದೀಯಾ?” ಎಂದಳು ಒರಿನ್‌ಶಾ. ಅಷ್ಟಕ್ಕೇ ನಿಲ್ಲದೆ ಮೆಟ್ಟಿಲ ಬಳಿ ನಿಂತು ಎರಡು ಕೂಗು ಹಾಕಿದಳು.

ಮೇಲಿನ ಮಹಡಿಯಿಂದ ಜುಬಾನಿಶ್ ಇಳಿದು ಬಂದ. ಅವನು ಅದೇ ಹಡಗಿನ ಎಂಜಿನ್ ಕೋಣೆಯ ಆಳು. ಕೆಳಗಿನಿಂದ ತುಮೆನ್‌ಬಾಯ್ ಹತ್ತಿ ಬಂದ. ಅವನು ನಿವೃತ್ತ ಬಸ್ ಡ್ರೈವರ್. ಹಡಗು ಹತ್ತಿದವನೇ ಅಲ್ಲ. ಹಾಲು ಬೆರೆಸಿದ ಚಹಾ, ಕರಿದ ಹಿಟ್ಟಿನುಂಡೆ ಬೌರ್ಸಾಕ್ ಮುಂದಿಟ್ಟುಕೊಂಡು ಮೂವರೂ ಸೇರಿ ಸಮುದ್ರಕ್ಕೆ ಬಿರುಗಾಳಿ ತಂದರು.

“ನಾನು ಆ ಹೊತ್ತಲ್ಲಿ ನಿದ್ದೆ ಮಾಡ್ತಿದ್ದೆ,” ಎಂದ ಜುಬಾನಿಶ್.

“ಒಳ್ಳೇದೇ ಆಯ್ತು. ಅಲೆ ಬಡಿದು ಎಚ್ಚರ ಆಯ್ತು ಅನ್ನು,” ಎಂದಳು ಒರಿನ್‌ಶಾ.

“ನಾನು ದಡದಿಂದ ನೋಡಿದೆ ಅಂತೀನಿ, ಮೀನು ಹಿಡಿಯೋಕೆ ಹೋಗಿದ್ದೆ,” ಎಂದ ತುಮೆನ್‌ಬಾಯ್.

“ಬಿರುಗಾಳೀಲಿ ಮೀನು ಹಿಡೀತಾರಾ ಅಗಾ?” ಎಂದು ಹಿರಿಯಣ್ಣನನ್ನು ಕೇಳುವಂತೆ ಕೇಳಿದ ಎಸೆನ್‌ಗಾಲಿ.

“ಮೂವತ್ತು ವರ್ಷ ಬಸ್ ಓಡಿಸಿದೀನಿ ಕಣಯ್ಯ. ಗಾಳಿಗೆಲ್ಲ ಹೆದರೋ ಆಸಾಮಿ ಅಲ್ಲ ನಾನು.”

“ಅಪಾ, ಇಷ್ಟೆಲ್ಲ ಸುಳ್ಳು ಯಾಕೆ...”

“ಆರು ವಾರ ನಿನ್ನ ಅಂಗಿ ಗುಂಡಿ ಹಾಕಿದ್ದು ಯಾರು?”

“ನೀವು.”

“ಹಂಗಾದ್ರೆ ಬಾಯಿಗೂ ಒಂದು ಗುಂಡಿ ಹಾಕ್ಕೊ.”

ಸಮಿತಿಯ ಅಧ್ಯಕ್ಷನಿಗೆ ಜೋರು ನೆಗಡಿ. ಬೇಗ ಮುಗಿಸಿ ಮನೆಗೆ ಹೋಗುವ ಆತುರ. ಕಂಪನಿಯ ಕಡೆಯಿಂದ ಬಂದಿದ್ದ ತರುಣ ವಕೀಲ ಮದುಮಗನಷ್ಟು ವಿನಯವಂತ. ಕುಲ್ಯಾಶ್ ಇನ್ನೂ ಬಂದಿರಲಿಲ್ಲ. ಎಸೆನ್‌ಗಾಲಿ ಬಾಯಿ ತೆರೆಯುವ ಮೊದಲೇ ಒರಿನ್‌ಶಾ ಎದ್ದು, “ಸಾಕ್ಷಿ ಇದ್ದಾರೆ!” ಎಂದಳು.

“ಹಡಗು ನಡುಸಮುದ್ರದಲ್ಲಿ ಓಡ್ತಿತ್ತು, ಅಲೆ ಇತ್ತು,” ಎಂದ ಜುಬಾನಿಶ್.

“ಎಷ್ಟು ಎತ್ತರ ಇದ್ದಿರಬಹುದು?” ತರುಣ ಪೆನ್ನು ತೆಗೆದ.

“ಒಂದು ಮೀಟರ್.” ಒರಿನ್‌ಶಾ ಕೆಮ್ಮಿದಳು. “ಒಂದೂವರೆ,” ಎಂದು ತಿದ್ದಿಕೊಂಡ ಜುಬಾನಿಶ್.

“ಅಷ್ಟೇನಾ?” ತರುಣನ ದನಿಯಲ್ಲಿ ಮರುಕವಿತ್ತು.

ತುಮೆನ್‌ಬಾಯ್‌ಗೆ ಅವಮಾನವಾಯಿತು. “ಅಷ್ಟೇ ಅಂತ ಯಾರು ಹೇಳಿದ್ದು? ದಡದಲ್ಲಿ ನಿಂತು ನೋಡಿದೋನು ನಾನು. ಒಂದೊಂದು ಅಲೆ ಬಸ್ಸಿನಷ್ಟು ಎತ್ತರ!”

“ಬಸ್ಸು ಎಷ್ಟು ಎತ್ತರ ಇರುತ್ತೆ?”

“ಮೂರು ಮೀಟರ್. ಬಸ್ಸಿನ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ.”

ಅವತ್ತು ತನ್ನ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಕಂಬಳಿ ಹಾರಿಹೋಗಿ ಮುಂದಿನ ಕಟ್ಟಡದ ಆಂಟೆನಾಕ್ಕೆ ಸಿಕ್ಕಿಕೊಂಡಿತೆಂದು ಒರಿನ್‌ಶಾ ಸೇರಿಸಿದಳು. ಕಂಬಳಿ ಹಾರಿದ್ದು ನಿಜವೇ, ಹೋದ ವರ್ಷ.

ಅಧ್ಯಕ್ಷ ಮೂಗೊರೆಸಿಕೊಂಡು ಎಸೆನ್‌ಗಾಲಿಯ ಕಡೆ ತಿರುಗಿದ. “ಇವರೆಲ್ಲ ಹೇಳಿದ್ದು ಸರಿಯಾ?”

ಅಷ್ಟರಲ್ಲಿ ಕುಲ್ಯಾಶ್ ನಾಲ್ಕು ಕಡತ ಅವುಚಿಕೊಂಡು, ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕೂತಳು. ಸಮಿತಿಯ ಗುಮಾಸ್ತ ಬರೆದುಕೊಂಡಿದ್ದನ್ನು ಒಮ್ಮೆ ಇಣುಕಿದವಳೇ ಮೇಜಿನ ಕೆಳಗೆ ಎಸೆನ್‌ಗಾಲಿಯ ಕಾಲನ್ನು ಬಲವಾಗಿ ತುಳಿದಳು. ಹೌದೆನ್ನು ಎಂದು ತುಳಿದಳೋ ಬೇಡವೆಂದು ತುಳಿದಳೋ ಅವನಿಗೆ ತಿಳಿಯಲಿಲ್ಲ. ಎದುರಿಗೆ ಮೂವರು ನೆರೆಯವರ ಮುಖ ಕಂಡಿತು.

“ಹೌದು... ಅಲೆ ಇತ್ತು,” ಎಂದ. ಎಡಗೈಯಲ್ಲಿ ಸಹಿಯನ್ನೂ ಹಾಕಿದ.

“ಅಪಘಾತ ಸಮುದ್ರಯಾನದಲ್ಲೇ ಆಗಿದೆ. ಒಪ್ಪಿದ್ದೇವೆ,” ಎಂದ ಅಧ್ಯಕ್ಷ. ಒರಿನ್‌ಶಾ ಎಲ್ಲರ ಎದುರಿಗೇ ಎಸೆನ್‌ಗಾಲಿಯ ಹಣೆಗೆ ಮುತ್ತಿಟ್ಟಳು. ಕುಲ್ಯಾಶ್ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

ತರುಣ ವಕೀಲ ನಿಧಾನವಾಗಿ ಎದ್ದ. “ಹಡಗಿನ ಸುರಕ್ಷತೆಯ ನಿಯಮ ಓದ್ತೀನಿ. ಅಲೆ ಎರಡು ಮೀಟರ್ ದಾಟಿದರೆ ಒಲೆ ಆರಿಸಬೇಕು. ಬ್ರೆಡ್ಡು, ಡಬ್ಬಿ ಮೀನು ಮಾತ್ರ ಬಡಿಸಬೇಕು. ಮೂರು ಮೀಟರ್ ಅಲೆಯಲ್ಲಿ ಇವರು ಸಾರು ಕುದಿಸ್ತಿದ್ದರು. ತಪ್ಪು ಇವರದೇ.”

ಅಧ್ಯಕ್ಷ ಒಮ್ಮೆ ಸೀನಿ ಅರ್ಜಿ ವಜಾ ಮಾಡಿದ.

ಹೊರಗೆ ಬಂದ ಮೇಲೆ ಕುಲ್ಯಾಶ್ ಆ ತರುಣನನ್ನು ತಡೆದಳು. “ಆ ದಿನ ಅಲೆ ಇರಲಿಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ?”

“ನಮಗೂ ಗಾಬರಿ ಆಯ್ತು ಅಪಾ,” ಎಂದ ಅವನು. “ಮರಳಿಗೆ ಹತ್ತಿತ್ತು ಅಂತ ಕ್ಯಾಪ್ಟನ್ ದಿನಚರೀಲಿದೆ. ಅದು ಕ್ಯಾಪ್ಟನ್ ತಪ್ಪು. ಪೂರ್ತಿ ಪರಿಹಾರಕ್ಕೆ ಒಪ್ಪಿಗೆ ಪತ್ರ ತಂದಿದ್ದೆ. ‘ನಿಂತಿತ್ತು’ ಅಂದ್ರೆ ಮರಳಲ್ಲಿ ಅಂತ ಅವರು ಒಂದು ಮಾತು ಹೇಳಿದ್ರೆ ಸಾಕಿತ್ತು. ಅವರೇ ಅಲೆ ಅಂತ ಸಹಿ ಹಾಕಿದ ಮೇಲೆ ನಾನೇನು ಮಾಡಲಿ?” ಸಹಿ, ಮೊಹರು ಎಲ್ಲ ಬಿದ್ದಿದ್ದ ಪತ್ರ ತೋರಿಸಿ ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಎಸೆನ್‌ಗಾಲಿ ಪ್ಲಾಸ್ಟರಿನ ತುದಿಯಲ್ಲಿ ಕಾಣುತ್ತಿದ್ದ ತನ್ನ ಬೆರಳುಗಳನ್ನೇ ನೋಡುತ್ತ ನಿಂತ. ಕುಲ್ಯಾಶ್ ಅವನನ್ನು ಮೂಲೆಗೆ ಕರೆದಳು.

“ಒಂದು ದಾರಿ ಇದೆ. ಈಗಲೇ ಒಳಗೆ ಹೋಗಿ, ಈ ಮೂವರೂ ಸುಳ್ಳು ಹೇಳಿ ನಿಮ್ಮಿಂದಲೂ ಹೇಳಿಸಿದ್ರು ಅಂತ ಬರೆದುಕೊಡಿ. ನಿಮ್ಮನ್ನ ನಾನು ಪಾರು ಮಾಡ್ತೀನಿ. ಅವರ ಮೇಲೆ ಮಾತ್ರ ಕೇಸಾಗುತ್ತೆ.”

ಅವನು ತಿರುಗಿ ನೋಡಿದ. ಜುಬಾನಿಶ್ ಗೋಡೆಯ ಕಡೆ ಮುಖ ಮಾಡಿದ್ದ. ತುಮೆನ್‌ಬಾಯ್ ಬೆಂಚಿನ ಮೇಲೆ ಕುಗ್ಗಿ ಕೂತಿದ್ದ. ಒರಿನ್‌ಶಾ ಎಸೆನ್‌ಗಾಲಿಯ ಕೋಟು ಹಿಡಿದುಕೊಂಡು, ಹುಟ್ಟಿದಂದಿನಿಂದ ಮೊದಲ ಬಾರಿಗೆಂಬಂತೆ, ಸುಮ್ಮನೆ ನಿಂತಿದ್ದಳು.

“ಅಲೆ ಇತ್ತು ಬಿಡಿ,” ಎಂದ ಎಸೆನ್‌ಗಾಲಿ.

ನಾಲ್ವರೂ ಬಸ್ ನಿಲ್ದಾಣಕ್ಕೆ ನಡೆದರು. ಬಸ್ಸು ಬಂತು. ತುಮೆನ್‌ಬಾಯ್ ಅದರ ಎತ್ತರವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ಸೀಟು ಸಿಕ್ಕಿ, ಟಿಕೆಟ್ ತೆಗೆದು, ಎರಡು ನಿಲ್ದಾಣ ದಾಟಿದ ಮೇಲೆ ಒರಿನ್‌ಶಾಳ ಮುಖಕ್ಕೆ ಕಳೆ ಮರಳಿತು. ಎಸೆನ್‌ಗಾಲಿಯ ಕಿವಿಯ ಹತ್ತಿರ ಬಗ್ಗಿದಳು.

“ಮನಸ್ಸಿಗೆ ಹಚ್ಕೋಬೇಡ ಕಣೋ. ದೊಡ್ಡ ಕೋರ್ಟಿಗೆ ಹೋಗೋಣ. ಅಲ್ಲಿ ಅಲೆನ ಒಂದೂಮುಕ್ಕಾಲು ಮೀಟರಿಗೆ ಇಳಿಸೋಣ.”