ಬೈಂದೂರಿನ ದಿಬ್ಬಣದಲ್ಲಿ ಕಾಲಗಲಿಸಿ ನಿಂತ ಮನ್ಮಥರಿಗೆ

ಶ್ರೀ ಮನ್ಮಥ ಅವರ ಸನ್ನಿಧಾನಕ್ಕೆ,
ನಮ್ಮ ಹಿತ್ತಿಲ ಲಾಯ, ಕೋಡಿ, ಕುಂದಾಪುರ

ಮಾನ್ಯರೇ,

ಕೋಡಿಯ ಕಡಲತೀರದಲ್ಲಿ ಪ್ರತಿ ಸಂಜೆ ಮಕ್ಕಳನ್ನೂ, ಮಕ್ಕಳ ನೆಪದಲ್ಲಿ ಅವರ ಅಪ್ಪಂದಿರನ್ನೂ ಬೆನ್ನ ಮೇಲೆ ಹೊತ್ತು ಗಂಭೀರವಾಗಿ ಹೆಜ್ಜೆ ಹಾಕುವ, ಮೊಬೈಲು ಹಿಡಿದವರು ಕಂಡರೆ ಕತ್ತನ್ನು ತುಸು ಓರೆ ಮಾಡಿ ನಿಲ್ಲುವ, ಹುರುಳಿ ಬೇಯುವ ವಾಸನೆ ಬಂದಾಗ ಮಾತ್ರ ಆ ಗಾಂಭೀರ್ಯವನ್ನೆಲ್ಲ ಮರೆಯುವ ಕುದುರೆರಾಯರಾದ ತಮಗೆ, ಈ ಮನೆಯ ಒಡತಿಯೂ ತಮ್ಮ ಲದ್ದಿ ಎತ್ತುವವಳೂ ಆದ ಗುಲಾಬಿಯ ಸವಿನಯ ನಮಸ್ಕಾರಗಳು. ಮೀನು ಮಾರುವ ಹೆಂಗಸರ ಸಂಘದ ಪರವಾಗಿ ಐಸಿನ ವಿಚಾರ, ದಾರಿದೀಪದ ವಿಚಾರ, ಚರಂಡಿಯ ವಿಚಾರ ಎಂದು ಎಷ್ಟೋ ಅರ್ಜಿಗಳನ್ನು ಬರೆದ ಕೈ ಇದು. ಆದರೆ ಅವುಗಳಲ್ಲಿ ಯಾವುದರಲ್ಲೂ ಇಂಥ ಜಾಗದ ಪ್ರಸ್ತಾಪ ಬಂದಿರಲಿಲ್ಲವಾದ್ದರಿಂದ, ನೇರವಾಗಿ ಅಲ್ಲಿಗೇ ಹೋಗಲು ಸಂಕೋಚಪಟ್ಟು, ತಮ್ಮ ಹೆಸರಿನಿಂದ ಆರಂಭಿಸುತ್ತೇನೆ.

ಮನ್ಮಥ ಎಂಬ ಹೆಸರು ನಾವಿಟ್ಟದ್ದಲ್ಲ. ಬೆನ್ನುನೋವಿನಿಂದ ಬೋಟಿನ ಕೆಲಸ ಬಿಟ್ಟ ನನ್ನ ಗಂಡ ಮುತ್ತ ಅವರು, ಕಡಲತೀರದಲ್ಲಿ ಕುದುರೆ ಸವಾರಿ ಮಾಡಿಸಿ ಬದುಕೋಣವೆಂದು ಕೊಲ್ಹಾಪುರದ ಕಡೆಯಿಂದ ತಮ್ಮನ್ನು ಕರೆತಂದಾಗ, ತಾವು ಹೆಸರನ್ನು ಹೊತ್ತುಕೊಂಡೇ ಟೆಂಪೋದಿಂದ ಇಳಿದಿರಿ. ಹೆಸರಿಗೆ ತಕ್ಕ ಬೀಜಗಳನ್ನು ಮಾತ್ರ ಯಾವುದೋ ಕಾಲದಲ್ಲಿ ಅಲ್ಲೇ ಬಿಟ್ಟು ಬಂದಿದ್ದಿರಿ. ಬೀಜ ತೆಗೆಸಿದ ಗಂಡು ಕುದುರೆ ಸಾಧುವಾಗಿರುತ್ತದೆ, ಹೆಣ್ಣು ಕುದುರೆ ಕಂಡರೂ ಸವಾರನನ್ನು ಕೆಡವಿ ಓಡುವುದಿಲ್ಲ ಎಂದು ಮಾರಿದವರು ಬಹಳ ಹೊತ್ತು ವಿವರಿಸಿದರಂತೆ. ಬೀಜ ಹೋದ ಮೇಲೂ ಉಳಿದುಕೊಂಡಿರುವ ಅಂಗವನ್ನೂ, ಅದು ಒಳಗೆ ಸೇರಿಕೊಂಡಿರುವ ಚರ್ಮದ ಒರೆಯನ್ನೂ ಆಗಾಗ ಯಾರಾದರೂ ತೊಳೆಯಬೇಕಾಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ತಾವೂ ಹೇಳಲಿಲ್ಲ. ನನ್ನ ದೂರಿನ ಬೇರು ಇರುವುದು ಇಲ್ಲಿ.

ಈ ಸಲದ ಮಳೆ ನಿಂತ ಮೇಲೆ ತಾವು ಕಾರಣವಿಲ್ಲದೆ ಬಾಲ ಬೀಸತೊಡಗಿದಿರಿ, ಹಿಂಗಾಲನ್ನು ಹೊಟ್ಟೆಯ ಕಡೆ ಎತ್ತಿ ಒದ್ದುಕೊಳ್ಳತೊಡಗಿದಿರಿ, ಉಚ್ಚೆಗೆಂದು ಕಾಲಗಲಿಸಿ ನಿಂತರೆ ನಿಂತೇ ಇರುತ್ತಿದ್ದಿರಿ, ಕೊನೆಗೊಮ್ಮೆ ಬಂದರೂ ಕೆಟ್ಟ ನಲ್ಲಿಯಂತೆ ಅಡ್ಡಾದಿಡ್ಡಿ ಸಿಡಿದು ತಮ್ಮ ಕಾಲನ್ನೇ ತೋಯಿಸುತ್ತಿತ್ತು. "ಅಲ್ಲೆಂತದೋ ಆಯ್ತ್, ಒಂದ್ಸಲ ಬಗ್ಗಿ ಕಾಣಿ" ಎಂದು ನಾನು ಹೇಳಿದರೆ, ಬಿರುಗಾಳಿಯಲ್ಲೂ ಬಲೆ ಬಿಡದೆ ಎಳೆದ ಧೀರರಾದ ಮುತ್ತ ಅವರು ಆಕಾಶ ನೋಡುತ್ತ, "ದಿನಾ ಸಮುದ್ರದಂಗ್ ಮೀಸುದಿಲ್ಯಾ? ಉಪ್ಪ್‌ನೀರಂಗ್ ಎಲ್ಲ ಹೋತ್ತ್" ಎಂದು ತಮಗೆ ಮಾಡಿಸುವ ಸಮುದ್ರಸ್ನಾನದ ನೆಪ ಹೇಳಿ ಮಾತು ಮುಗಿಸುತ್ತಿದ್ದರು. ನಾನೇ ಬಗ್ಗಿ ನೋಡಲು ಹೋದಾಗ ತಾವು ಕಾಲೆತ್ತಿದಿರಿ, ನಾನು ಎದ್ದೆ. ಆಗ ಸಲಹೆ ನೀಡಲು ಬಂದವರು ಪಕ್ಕದ ಮನೆಯ ಕುಷ್ಟ ಅವರು. ಊರಿನ ಎಲ್ಲ ರೋಗಗಳಿಗೂ ಬಿಟ್ಟಿ ಮದ್ದು ಹೇಳುವ ಅವರು "ಬಟ್ಟಿ ಸೋಪ್ ಹಾಕಿ ಬ್ರಶಂಗ್ ತಿಕ್ಕಿ ಬಿಡಿ ಮಾರ್ರೆ" ಎಂದರು. ತಿಕ್ಕುವವರು ಯಾರು ಎಂಬ ಪ್ರಶ್ನೆ ಬಂದಾಗ ಮುತ್ತ ಅವರು ಬ್ರಶ್ಶನ್ನು ಕುಷ್ಟರಿಗೆ ಕೊಟ್ಟರು, ಕುಷ್ಟರು ಮರ್ಯಾದೆಯಿಂದ ಮುತ್ತರಿಗೆ ಮರಳಿಸಿದರು, ಹೀಗೆ ಅದು ಇಬ್ಬರ ನಡುವೆ ಓಡಾಡಿ ದಣಿದು ಬಚ್ಚಲಿಗೆ ಹಿಂತಿರುಗಿತು. ಇಬ್ಬರು ಗಂಡಸರ ನಾಚಿಕೆ ಅಂದು ತಮ್ಮ ಚರ್ಮವನ್ನು ಕಾಪಾಡಿತೆಂಬುದು ನನಗೆ ಆಮೇಲೆ ಗೊತ್ತಾಯಿತು.

ಇಷ್ಟರಲ್ಲಿ ಗುಲ್ವಾಡಿಯ ಹೋಟೆಲಿನವರ ಮಗ ಅಜಿತ್ ಅವರ ಮದುವೆ ಬಂತು. ಬೈಂದೂರಿನಲ್ಲಿ ಹೆಣ್ಣಿನ ಕಡೆಯ ಮಂಟಪಕ್ಕೆ ಮದುಮಗ ಕುದುರೆಯ ಮೇಲೆಯೇ ಬರಬೇಕೆಂದು ಅವರ ಗೆಳೆಯರು ಹಠ ಹಿಡಿದದ್ದರಿಂದ, ತಮಗೆ ಜರಿಯ ಹೊದಿಕೆ ಹೊದೆಸಿ, ಹಣೆಗೆ ಗೊಂಡೆ ಕಟ್ಟಿ ಕರೆದೊಯ್ದೆವು. ಚೆಂಡೆಯವರು ಬಾರಿಸುತ್ತಿದ್ದರು, ಮೇಲೆ ಡ್ರೋನು ಹಾರುತ್ತಿತ್ತು, ಮಂಟಪದ ಬಾಗಿಲಲ್ಲಿ ಆರತಿ ತಟ್ಟೆಗಳು ಸಿದ್ಧವಾಗಿದ್ದವು. ತಾವು ಆ ಬಾಗಿಲಿನ ಎದುರಿಗೇ ನಿಂತಿರಿ. ಕಾಲಗಲಿಸಿದಿರಿ. ತಮ್ಮಲ್ಲಿ ಇನ್ನೂ ಏನೇನು ಉಳಿದಿದೆ ಎಂಬುದನ್ನು ಎರಡೂ ಕಡೆಯ ಬೀಗರಿಗೆ ಸಾವಕಾಶವಾಗಿ ಇಳಿಸಿ ತೋರಿಸಿದಿರಿ. ಚೆಂಡೆ ತಾನಾಗಿ ನಿಂತಿತು. ಎಲ್ಲರೂ ಕಾದರು, ಎರಡು ಹನಿ ಬಿದ್ದವು, ಮತ್ತೇನೂ ಬರಲಿಲ್ಲ. ಪೇಟ ಸರಿಮಾಡಿಕೊಳ್ಳುತ್ತ ಮೇಲೆ ಕುಳಿತಿದ್ದ ಮದುಮಗ "ಹ್ವಾಯ್ ಮುತ್ತಣ್ಣ, ಇದ್ ಹೋಪುದಿಲ್ಯಾ? ಇಲ್ದಿರೆ ನಾನ್ ನಡ್ಕಂಡೇ ಹೋತೆ" ಎಂದು ಬೇಡಿಕೊಂಡರು. ಮುತ್ತ ಅವರು ಹಗ್ಗ ಎಳೆದರು, ಬೆಲ್ಲ ತೋರಿಸಿದರು. ತಾವು ಕಣ್ಣು ಅರೆಮುಚ್ಚಿ ನರಳಿದಿರಿ. ಸುತ್ತಲಿನವರು ನಗುತ್ತಿದ್ದರೂ ಆ ನರಳಾಟ ಕೇಳಿ ನನಗೆ ನಗು ಬರಲಿಲ್ಲ, ಏಕೆಂದರೆ ತಾವು ಬಿದ್ದರೆ ನಮ್ಮ ಮನೆಯೂ ಬಿದ್ದ ಹಾಗೆಯೇ.

ಆಗ ಯಾರೂ ಎಣಿಸದ ಕಡೆಯಿಂದ ಸಹಾಯ ಬಂತು. ಆರತಿಯವರನ್ನು ಸರಿಸಿ ಮದುಮಗಳೇ ಮೆಟ್ಟಿಲಿಳಿದು ಬಂದರು. ಬ್ರಹ್ಮಾವರದ ಕಡೆ ದನಕರುಗಳ ಡಾಕ್ಟರಾಗಿರುವ ಶ್ರಾವ್ಯ ಅವರು ಗಂಡನಾಗುವವರನ್ನು ನೋಡುವ ಮೊದಲು ಕುದುರೆರಾಯರಾದ ತಮ್ಮ ಹೊಟ್ಟೆಯ ಕೆಳಗೆ ನೋಡಿದರೆಂಬುದನ್ನು ಆ ಡ್ರೋನೂ ಕಂಡಿದೆ. ಅತ್ತೆಯಾಗುವ ಸ್ನೇಹಲತಾ ಅವರು ಹಿಂದಿನಿಂದ "ಹೆಣ್ಣೆ, ಸೀರಿ ಕಾಣ್, ಸೀರಿ!" ಎಂದು ಕೂಗುತ್ತ ಬಂದು, ತಡೆಯಲಾಗದೆ ಸೊಸೆಯ ನೆರಿಗೆಯನ್ನು ತಾವೇ ಎತ್ತಿ ಹಿಡಿದು ನಿಂತರು.

"ಇದ್ ಹಠ ಅಲ್ಲ, ನೋವ್" ಎಂದರು ಡಾಕ್ಟರು. "ಕ್ಲೀನ್ ಮಾಡ್ದೆ ಎಷ್ಟ್ ಸಮಯ ಆಯ್ತ್?"

"ಎಂತದನ್ನ್?" ಎಂದರು ಮುತ್ತ ಅವರು.

ಡಾಕ್ಟರಿಗೆ ಉತ್ತರ ಸಿಕ್ಕಂತಾಯಿತು. ಹನಿ ಬೀಳುತ್ತಿರುವುದರಿಂದ ಒಂದು ದಿನ ತಡೆಯಬಹುದೆಂದೂ, ಹೊದಿಕೆ ಬಿಚ್ಚಿ ನೆರಳಿನಲ್ಲಿ ನಿಲ್ಲಿಸಿ ನೀರು ಕುಡಿಸಬೇಕೆಂದೂ ಹೇಳಿ, "ನಾಳಿಗ್ ಬೆಳಿಗ್ಗೆ ನಾನೇ ಬತ್ತೆ. ಅಷ್ಟ್ರೊಳ್ಗ್ ಉಚ್ಚಿ ಪೂರ್ತಿ ನಿಂತ್ರೆ ಕೂಡ್ಲೇ ಹೇಳಿ, ಧಾರೆ ಆತಾ ಇದ್ರೂ ಅಡ್ಡಿಲ್ಲ" ಎಂದರು. ಅಜಿತ್ ಅವರು ಇಳಿದು, ಮದುಮಗಳ ಪಕ್ಕದಲ್ಲಿ ನಡೆದೇ ಮಂಟಪ ಹೊಕ್ಕರು. ಅದೇ ಹೆಚ್ಚು ಚೆಂದ ಕಂಡಿತೆಂದು ಕೆಲವರು ಹೇಳಿದ್ದನ್ನು ತಮಗೆ ಬೇಸರವಾಗದಿರಲೆಂದು ಇಷ್ಟು ದಿನ ಮುಚ್ಚಿಟ್ಟಿದ್ದೆ.

ಮರುದಿನ ಬೆಳಿಗ್ಗೆ, ಕೈಯ ಮದರಂಗಿಯ ಮೇಲೆ ಉದ್ದ ಗ್ಲೌಸು ಏರಿಸಿದ ಮದುಮಗಳೂ, ಉಗುರು ಬೆಚ್ಚಗಿನ ನೀರಿನ ಬಕೆಟು ಹಿಡಿದ ಮದುಮಗನೂ ನಮ್ಮ ಹಿತ್ತಿಲಿನಲ್ಲಿ ನಿಂತಿದ್ದರು. ತಮಗೆ ಮಂಪರಿನ ಸೂಜಿ ಕೊಟ್ಟರು; ಸ್ವಲ್ಪ ಹೊತ್ತಿಗೆ ತಮ್ಮ ಕೆಳತುಟಿ ಜೋತುಬಿತ್ತು, ತಲೆ ಮುತ್ತರ ಹೆಗಲಿಗೆ ಬಂತು, ಒರೆಯೊಳಗಿದ್ದದ್ದು ಯಾವ ತಕರಾರೂ ಇಲ್ಲದೆ ಹೊರಗೆ ಬಂತು. ಡಾಕ್ಟರು ಹಿಂದೆ ನಿಲ್ಲದೆ ತಮ್ಮ ಮುಂಗಾಲಿನ ಪಕ್ಕಕ್ಕೆ ಒತ್ತಿ ನಿಂತು, ಮೆತ್ತಗಿನ ಹತ್ತಿಯಿಂದ ಒದ್ದೆ ಮಾಡುತ್ತ, ಮೇಣದಂತೆ ಕಪ್ಪಗೆ ಅಂಟಿದ್ದ ಕೊಳೆಯನ್ನು ಪದರು ಪದರಾಗಿ ಬಿಡಿಸಿದರು. ಮೂವತ್ತು ವರ್ಷ ಮೀನು ಮಾರಿದ ನನ್ನ ಮೂಗಿಗೂ ಆ ವಾಸನೆ ಹೊಸದು. ಬೇಲಿಯಾಚೆಯಿಂದ ಕುಷ್ಟ ಅವರು ಬಟ್ಟೆ ಸೋಪಿನ ಮಾತು ತೆಗೆದಾಗ ಡಾಕ್ಟರು ತಲೆಯೆತ್ತದೆ, "ನಿಮ್ದಕ್ಕ್ ಹಾಕಿ ಕಂಡಿದ್ರ್ಯಾ?" ಎಂದು ಕೇಳಿದರು. ಕುಷ್ಟ ಅವರಿಗೆ ಮನೆಯೊಳಗೆ ಏನೋ ಕೆಲಸ ನೆನಪಾಯಿತು.

ಕೊನೆಗೆ ಡಾಕ್ಟರು ತುದಿಯಲ್ಲಿ, ಮೂತ್ರದ ದಾರಿಯ ಪಕ್ಕದ ಸಣ್ಣ ಗುಳಿಯಲ್ಲಿ ಬೆರಳಾಡಿಸಿ, ಹಲಸಿನ ಬೀಜದಷ್ಟು ದೊಡ್ಡ ಗಟ್ಟಿಯೊಂದನ್ನು ಮೆಲ್ಲನೆ ಜಾರಿಸಿ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಆ ಕೊಳೆಯೇ ಅಲ್ಲಿ ಸೇರಿ ಸೇರಿ ಕಲ್ಲಾಗಿ, ದಾರಿಯನ್ನು ಒತ್ತಿ ಹಿಡಿದಿತ್ತಂತೆ. ಮುತ್ತ ಅವರು ಅದನ್ನು ನೋಡಿ ತಮ್ಮ ಕತ್ತನ್ನು ಅಪ್ಪಿಕೊಂಡು, ಮುಖವನ್ನು ತಮ್ಮ ಕೇಸರದಲ್ಲಿ ಅಡಗಿಸಿದರು. ಆಮೇಲೆ ಮಂಪರು ಇಳಿದು ತಾವು ಕಾಲಗಲಿಸಿದಿರಿ. ನಾವೆಲ್ಲ ಉಸಿರು ಬಿಗಿಹಿಡಿದೆವು. ಬಂತು ನೋಡಿ! ನೇರವಾಗಿ, ದಪ್ಪವಾಗಿ, ನಿಲ್ಲದೆ ಬಂತು. ಹಿತ್ತಿಲ ಬಸಳೆಯ ಬುಡದವರೆಗೆ ಹರಿಯಿತು. ಬಕೆಟು ಹಿಡಿದಿದ್ದ ಮದುಮಗ ಚಪ್ಪಾಳೆ ತಟ್ಟಿದರು. ಹಿಂದಿನ ದಿನ ಮಂಟಪದಲ್ಲಿ ಅವರು ಅಷ್ಟು ಅಗಲವಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮಾನ್ಯರೇ, ಇನ್ನು ನನ್ನ ಬೇಡಿಕೆಗಳು. ಮುಂದೆ ಇಂಥ ತೊಂದರೆಯಾದಾಗ ಬೀಗರ ಮುಂದೆ ಪ್ರದರ್ಶಿಸುವ ಮೊದಲು ಮನೆಯವರಿಗೆ ಗುಟ್ಟಾಗಿ ತಿಳಿಸುವ ಕೃಪೆ ಮಾಡಬೇಕು. ಸಾಧ್ಯವಾದರೆ ತಮ್ಮದನ್ನು ತಾವೇ ತೊಳೆದುಕೊಳ್ಳುವುದನ್ನು ಬೆಕ್ಕಿನಿಂದ ಕಲಿಯಬೇಕು. ಕತ್ತು ಅಷ್ಟು ಉದ್ದವಿದ್ದೂ ಅಲ್ಲಿಗೆ ತಲುಪುವುದಿಲ್ಲವೆಂಬ ನೆಪವನ್ನು ನಾನು ಒಪ್ಪಲಾರೆ. ದಿನವೂ ತೊಳೆಸಿಕೊಳ್ಳುವ ಆಸೆ ಹುಟ್ಟಿದ್ದರೆ ಅದನ್ನು ಬಿಡಬೇಕು, ಏಕೆಂದರೆ ಅತಿಯಾಗಿ ತೊಳೆದರೂ ಚರ್ಮ ಕೆಡುತ್ತದೆ, ವರ್ಷಕ್ಕೊಂದೆರಡು ಸಲ ನೋಡಿದರೆ ಸಾಕೆಂದು ಡಾಕ್ಟರ ಅಪ್ಪಣೆಯಾಗಿದೆ. ಮತ್ತು ಈಗ ಗ್ಲೌಸು ಹಾಕಿಕೊಂಡು ತಮ್ಮ ಬಳಿ ಬರಲು ಧೈರ್ಯ ಮಾಡಿರುವ ಮುತ್ತ ಅವರನ್ನು, ಅವರು ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದರೂ, ದಯವಿಟ್ಟು ಒದೆಯಬಾರದು.

ಹುರುಳಿ ಬೇಯಿಸುವುದನ್ನು ಇಂದಿಗೂ ನಿಲ್ಲಿಸದಿರುವ,
ತಮ್ಮ ವಿಶ್ವಾಸಿ,
ಗುಲಾಬಿ

ತಾ.ಕ.: ಈ ಪತ್ರವನ್ನು ಲಾಯದ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಿರುವುದು ತಮ್ಮ ಕಿವಿ ಮಂದವೆಂದಲ್ಲ. ಅಲ್ಲಿ ಬಲೆ ಹೊಲಿಯುತ್ತ ಕುಳಿತಿರುವ ಇನ್ನೊಬ್ಬ ಮಹನೀಯರ ಕಿವಿಗೂ ಬೀಳಲೆಂದು. ಅವರು ಕೆಲವು ಸಮಯದಿಂದ ಉಚ್ಚೆಗೆಂದು ಹಿತ್ತಿಲಿಗೆ ಹೋದರೆ ಗೋಡೆಗೆ ಕೈ ಊರಿ ನಿಂತೇ ಇರುತ್ತಾರೆ, ಕೇಳಿದರೆ "ಎಂತದೂ ಇಲ್ಯೆ" ಅನ್ನುತ್ತಾರೆ, ಡಾಕ್ಟರ ಹೆಸರೆತ್ತಿದರೆ ಆಕಾಶ ನೋಡುತ್ತಾರೆ. ನಾಳೆ ಬೆಳಿಗ್ಗೆ ಅವರನ್ನು ಕುಂದಾಪುರದ ಆಸ್ಪತ್ರೆಗೆ ಕರೆದೊಯ್ಯಲಿದ್ದೇನೆ. ತಮ್ಮ ಲಗಾಮಿನ ಹಗ್ಗವನ್ನು ಮಧ್ಯಾಹ್ನದವರೆಗೆ ಎರವಲು ಕೊಡಬೇಕಾಗಿ ವಿನಂತಿ.